ಸೇತುವೆಯ ಅಂಚಿಗೆ ಕಿವಿಗೊಟ್ಟವರು

ಶಾಲೆಯ ಜಗಲಿಯಲ್ಲಿ ಮಧ್ಯಾಹ್ನದ ಊಟಕ್ಕೆ ಕೂತಿದ್ದಾಗ ಫೋನು ಬಂತು. ಗೊತ್ತಿಲ್ಲದ ನಂಬರು. "ನೀವು ಹುಳದ ಮೇಷ್ಟ್ರಾ?" ಎಂದು ವಯಸ್ಸಾದ ಗಂಡಸಿನ ದನಿಯೊಂದು ಸಂಕೋಚದಿಂದ ಕೇಳಿತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ರೇಷ್ಮೆ ಹುಳ ಸಾಕುವುದು ಮನೆಯ ಕಸುಬು. ಎರಡನ್ನೂ ಒಟ್ಟು ಸೇರಿಸಿ ನನ್ನನ್ನು ಹಾಗೆ ಕರೆಯುತ್ತಿದ್ದವರು ಒಬ್ಬರೇ. ಹೌದೆಂದೆ.

"ಅವಳ ಫೋನಲ್ಲಿ ಹಂಗೇ ಬರೆದಿದೆ, ತಪ್ಪು ತಿಳ್ಕೋಬೇಡಿ. ನಾನು ಇಂಜಿನಿಯರ್ ಮೇಡಂ ಯಜಮಾನ, ಗೌರಿಬಿದನೂರಿಂದ ಮಾತಾಡ್ತಿದೀನಿ. ಅವಳು ಹೋದ ವಾರ ತೀರಿಹೋದಳು. ಫೋನಲ್ಲಿರೋರಿಗೆಲ್ಲ ತಿಳಿಸ್ತಾ ಇದೀನಿ."

ತಟ್ಟೆಯ ಅನ್ನ ಹಾಗೇ ಉಳಿಯಿತು. ದುಃಖಕ್ಕಿಂತ ಮೊದಲು ನನಗೆ ನೆನಪಾದದ್ದು ಅವರು ರಸ್ತೆಯ ಮೇಲೆ ಬೋರಲು ಮಲಗಿದ್ದ ದೃಶ್ಯ. ನಾನು ಅವರನ್ನು ಮೊದಲು ನೋಡಿದ್ದೇ ಹಾಗೆ.

ಸಾದಲಿಯಿಂದ ಶಿಡ್ಲಘಟ್ಟಕ್ಕೆ ಹೋಗುವ ದಾರಿಯಿಂದ ಒಳಕ್ಕೆ ತಿರುಗಿದರೆ ನಮ್ಮೂರು. ಊರಿಗೆ ಮುಂಚೆ ಒಂದು ಹಳ್ಳ, ಹಳ್ಳಕ್ಕೆ ನಮ್ಮಪ್ಪನ ಕಾಲದಲ್ಲಿ ಕಟ್ಟಿದ ಕಾಂಕ್ರೀಟು ಸೇತುವೆ. ಎರಡೂ ಪಕ್ಕಕ್ಕೆ ಗಿಡ್ಡ ಕಂಬ, ಕಂಬದಿಂದ ಕಂಬಕ್ಕೆ ಪೈಪು. ಆ ಪೈಪಿನ ಮೇಲೆ ಕೂತು ಹರಟೆ ಹೊಡೆಯದವರು ಊರಲ್ಲಿ ಇರಲಿಲ್ಲ. ಒಂದು ಬೆಳಗ್ಗೆ ನಮ್ಮ ದೊಡ್ಡಪ್ಪನ ಕಿರಿಮಗ ರೇಷ್ಮೆ ಗೂಡು ತುಂಬಿದ ಟೆಂಪೋವನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಓಡಿಸಿಕೊಂಡು ಹೊರಟವನು, ಎದುರಿಗೆ ಬಂದ ಬಸ್ಸಿಗೆ ದಾರಿ ಬಿಡಲು ಪಕ್ಕಕ್ಕೆ ತೆಗೆದುಕೊಂಡ. ಟೆಂಪೋ ಪೈಪಿಗೆ ತಗುಲಿತು. ಪೈಪು, ಕಂಬ, ಕಂಬದಡಿಯ ಸೇತುವೆಯ ಅಂಚು ಎಲ್ಲವೂ ಒಟ್ಟಿಗೆ ಕಳಚಿಕೊಂಡು ಕೆಳಗೆ ಹೋದವು. ಹುಡುಗ ಉಳಿಯಲಿಲ್ಲ. ಹಳ್ಳದ ಬಂಡೆಗಳ ಮೇಲೆಲ್ಲ ಬಿಳಿಯ ಗೂಡುಗಳು ಚೆಲ್ಲಿದ್ದವು. ಅವನ್ನು ಆಯಲು ಯಾರಿಗೂ ಮನಸ್ಸಾಗಲಿಲ್ಲ.

ದೊಡ್ಡಪ್ಪ ಅಳುವುದನ್ನು ನಾನು ನೋಡಲಿಲ್ಲ. ಅವರು ಚಿಕ್ಕಬಳ್ಳಾಪುರಕ್ಕೆ ಓಡಾಡಲು ಶುರುಮಾಡಿದರು. ಆಫೀಸಿನಿಂದ ಆಫೀಸಿಗೆ ಹೋಗಿ, ಕಂಡ ಕಂಡವರ ಮುಂದೆ ನಿಂತು, ಕೊನೆಗೂ ಸೇತುವೆಗೆ ಉಕ್ಕಿನ ತಡೆಬೇಲಿ ಮಂಜೂರು ಮಾಡಿಸಿಕೊಂಡು ಬಂದರು. ಹೆದ್ದಾರಿಯಲ್ಲಿ ಇರುತ್ತದಲ್ಲ, ದಪ್ಪ ಉಕ್ಕಿನ ಗೂಟಗಳು, ಅವಕ್ಕೆ ಅಲೆಅಲೆಯಾದ ತಗಡಿನ ಪಟ್ಟಿ, ಅದು. ಮಗನ ವರ್ಷದ ತಿಥಿಯೊಳಗೆ ಅದು ನಿಲ್ಲಬೇಕೆಂಬುದು ಅವರ ಹಟ. ಗುತ್ತಿಗೆದಾರ ಸಾಮಾನು ತಂದು ಇಳಿಸಿದ. ಅಂಚಿಗೆ ತೂತು ಕೊರೆದು ಬೋಲ್ಟು ಹಾಕಿ ಗೂಟ ನಿಲ್ಲಿಸುವುದಷ್ಟೇ ಬಾಕಿ ಎನ್ನುವಾಗ ಹೊಸದಾಗಿ ಬಂದ ಇಂಜಿನಿಯರ್ ಮೇಡಂ ಒಬ್ಬರು ಕೆಲಸ ನಿಲ್ಲಿಸಿದ್ದಾರೆಂದು ಸುದ್ದಿ ಬಂತು.

ಊರವರು ನನ್ನನ್ನು ಮುಂದೆ ದಬ್ಬಿದರು. ಮೇಷ್ಟ್ರು, ಓದಿದವರ ಜೊತೆ ಮಾತಾಡಬಲ್ಲ ಎಂದು. ಹೋಗಿ ನೋಡಿದರೆ ಸೇತುವೆಯ ತುದಿಯಲ್ಲಿ ಹೆಂಗಸೊಬ್ಬರು ಬೋರಲು ಮಲಗಿ, ತಲೆಯನ್ನು ಅಂಚಿನಿಂದ ಕೆಳಕ್ಕೆ ಇಳಿಬಿಟ್ಟು ಏನನ್ನೋ ನೋಡುತ್ತಿದ್ದರು. ಸೀರೆಯ ಮೇಲೆ ಗಂಡಸಿನ ತುಂಬು ತೋಳಿನ ಅಂಗಿ, ಕಾಲಿಗೆ ಓಡುವ ಬೂಟು. ಎದ್ದು ಕೂತಾಗ ಕಂಡದ್ದು ಗುಂಡು ಮುಖ, ದಪ್ಪ ಕನ್ನಡಕ, ಹಣೆಗೆ ಅಂಟಿದ ಧೂಳು. ಐವತ್ತು ದಾಟಿದ ವಯಸ್ಸು.

ನಾನು ಸಿದ್ಧಮಾಡಿಕೊಂಡು ಬಂದ ಮಾತನ್ನು ಆಡಲು ಅವರು ಬಿಡಲಿಲ್ಲ. ಕೈಚೀಲದಲ್ಲಿ ಊಟದ ಡಬ್ಬಿಯ ಪಕ್ಕದಿಂದ ಒಂದು ಸಣ್ಣ ಸುತ್ತಿಗೆ ತೆಗೆದರು.

"ಬನ್ನಿ, ಇಲ್ಲಿ ಕೂತ್ಕೊಳ್ಳಿ. ನಾನು ತಟ್ಟುತೀನಿ, ನೀವು ಕೇಳಿ. ಏನು ಕೇಳಿಸ್ತು ಹೇಳಿ."

ರಸ್ತೆಯ ನಡುವೆ ತಟ್ಟಿದರು. ಟಣ್ ಎಂದಿತು. ಅಂಚಿನ ಕಡೆಗೆ ಜರುಗುತ್ತ ತಟ್ಟಿದರು. ಟಣ್, ಟಣ್, ಆಮೇಲೆ ಡಬ್. ಒಡೆದ ಮಡಕೆ ಬಡಿದ ಹಾಗೆ.

"ಎಲ್ಲಿಂದ ಬದಲಾಯ್ತು?"

ತೋರಿಸಿದೆ. ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಅಷ್ಟು ಹೊತ್ತಿಗೆ ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳನ್ನು ನಿಲ್ಲಿಸಿ, ಅವಳನ್ನೂ ಕೂರಿಸಿ, "ವಿನಪಡ್ತಾಂದಾ ಅಮ್ಮಾ?" ಎಂದು ತೆಲುಗಿನಲ್ಲಿ ಕೇಳಿದರು. ಕೇಳಿಸಿತು, ಅವಳೂ ಅದೇ ಜಾಗ ತೋರಿಸಿದಳು. ಮೇಡಂ ಹುಟ್ಟಿದ್ದು ಚಿಂತಾಮಣಿ ಕಡೆ, ಅಂಬಾಜಿದುರ್ಗದ ತಪ್ಪಲಿನ ಊರಿನಲ್ಲಿ. ಅವರ ಬಾಯಲ್ಲಿ ಕನ್ನಡ ತೆಲುಗು ಎರಡೂ ಒಂದರೊಳಗೊಂದು ಹರಿಯುತ್ತಿದ್ದವು.

ಆಮೇಲೆ ವಿವರಿಸಿದರು. ಮಳೆ ನೀರು ವರ್ಷಾನುಗಟ್ಟಲೆ ಅಂಚಿನ ಮೇಲೆಯೇ ಇಳಿದಿದೆ. ಒಳಗಿನ ಕಬ್ಬಿಣದ ಕಂಬಿಗೆ ತುಕ್ಕು ಹಿಡಿದಿದೆ. ತುಕ್ಕು ಹಿಡಿದ ಕಂಬಿ ಊದಿಕೊಂಡು ಕಾಂಕ್ರೀಟನ್ನು ಒಳಗಿಂದಲೇ ಎಬ್ಬಿಸಿದೆ. ನೋಡಲು ಚೆನ್ನಾಗಿದೆ, ಒಳಗೆ ಪೊಳ್ಳು.

"ನೀವು ಗಟ್ಟಿ ಬೇಲಿ ಹಾಕ್ತೀರಿ. ಲಾರಿ ಬಂದು ಗುದ್ದುತ್ತೆ. ಬೇಲಿ ಮುರಿಯಲ್ಲ. ಆ ಏಟೆಲ್ಲ ಎಲ್ಲಿಗೆ ಹೋಗುತ್ತೆ? ಬೋಲ್ಟಿಗೆ. ಬೋಲ್ಟಿಂದ ಅಂಚಿಗೆ. ಬೇಲಿ ಎಷ್ಟು ಗಟ್ಟಿಯೋ ಅಂಚಿಗೆ ಅಷ್ಟು ಕಷ್ಟ."

"ಹಂಗಾದ್ರೆ ಹಳೇ ಪೈಪೇ ವಾಸಿ ಅಂತೀರಾ?" ಎಂದೆ, ಸ್ವಲ್ಪ ಬಿರುಸಾಗಿಯೇ.

ಅವರು ಆ ಪ್ರಶ್ನೆಯನ್ನು ನಿಜವಾಗಿ ಯೋಚಿಸಿದರು. "ಒಂದು ರೀತಿಲಿ ಹೌದು. ಪೈಪು ನೋಡಿದ್ರೆ ಡ್ರೈವರ್‍ಗೆ ಭಯ ಇರುತ್ತೆ. ಈ ಬೇಲಿ ನೋಡಿದ್ರೆ ಧೈರ್ಯ ಬಂದುಬಿಡುತ್ತೆ, ಅಲ್ವಾ?" ಎಂದರು.

ಈ ಉತ್ತರ ತೆಗೆದುಕೊಂಡು ದೊಡ್ಡಪ್ಪನ ಹತ್ತಿರ ಹೇಗೆ ಹೋಗುವುದೆಂದು ನನಗೆ ತಿಳಿಯಲಿಲ್ಲ. ಹೋಗಿ ಹೇಳಿದೆ. "ಬೇಲಿ ತಂದೋನು ನಾನು. ತಡೆಯೋಕೆ ಅವಳ್ಯಾರು?" ಎಂದಷ್ಟೇ ಅಂದು ತೋಟಕ್ಕೆ ಹೋಗಿಬಿಟ್ಟರು.

ಮರುದಿನದಿಂದ ಮೇಡಂ ದಿನಾ ಬರತೊಡಗಿದರು. ಸೇತುವೆಯ ಹತ್ತಿರ ನಮ್ಮ ಮನೆಯೇ ಮೊದಲಾದ್ದರಿಂದ ನೀರಿಗೆ, ನೆರಳಿಗೆ ನಮ್ಮಲ್ಲಿಗೆ ಬರುತ್ತಿದ್ದರು. ಒಂದು ಕಡೆ ಕೂತಿರಲು ಅವರಿಂದ ಆಗುತ್ತಿರಲಿಲ್ಲ. ನನ್ನ ಹೆಂಡತಿ ಕಾಫಿ ತರುವಷ್ಟರಲ್ಲಿ ಎದ್ದುಹೋಗಿ ಹುಳದ ಮನೆಯ ಬಾಗಿಲಲ್ಲಿ ನಿಂತಿರುತ್ತಿದ್ದರು.

"ಯಾಕೆ ಇವತ್ತು ಇವು ತಿಂತಾ ಇಲ್ಲ?"

"ಜ್ವರಕ್ಕೆ ಕೂತಿವೆ ಮೇಡಂ," ಎಂದಳು ನನ್ನ ಹೆಂಡತಿ. ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆ ಎತ್ತಿ ಸುಮ್ಮನಿರುತ್ತದೆ, ಅದಕ್ಕೆ ನಮ್ಮಲ್ಲಿ ಜ್ವರ ಎನ್ನುವುದು.

"ಮೈ ನಿಜವಾಗ್ಲೂ ಬಿಸಿ ಆಗುತ್ತಾ?"

ನಾನು ಹುಳದ ನಡುವೆಯೇ ಬೆಳೆದವನು, ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವನು. ಆ ಪ್ರಶ್ನೆ ಯಾವತ್ತೂ ತಲೆಗೆ ಬಂದಿರಲಿಲ್ಲ. ಅವರು ಕೈ ತೊಳೆದು ಬಂದು ಬೆರಳಿನ ಹಿಂಬದಿಯಿಂದ ಒಂದು ಹುಳವನ್ನು ಮುಟ್ಟಿ, "ತಣ್ಣಗೇ ಇದೆಯಲ್ಲ," ಎಂದರು, ಮೋಸ ಹೋದವರಂತೆ. ಅಂದಿನಿಂದ ನಾನು ಹುಳದ ಮೇಷ್ಟ್ರಾದೆ.

ಅವರಿಗೆ ಮಾತಿನ ನಾಜೂಕು ಕಡಿಮೆ. ಹೊಸ ಮನೆ ಕಟ್ಟಿದವರು ಒಳಗೆ ಕರೆದರೆ ಮೆಟ್ಟಿಲಿನ ತಳ ನೋಡಿ "ಇಲ್ಲಿ ನೀರು ಇಳೀತಿದೆ, ನೋಡಿದೀರಾ?" ಎನ್ನುತ್ತಿದ್ದರು. ನಮ್ಮ ಬೀದಿಯ ಒಬ್ಬಾಕೆ ತನ್ನ ಕಾಲುನೋವು ಹೇಳಿಕೊಂಡಾಗ "ಅಯ್ಯೋ ಪಾಪ" ಎನ್ನುವ ಬದಲು, ಏಳುವಾಗ ಜಾಸ್ತಿಯೋ ಕೂರುವಾಗ ಜಾಸ್ತಿಯೋ ಎಂದು ವಿಚಾರಿಸಿದರು. ಆದರೆ ಆಕೆ ಆಮೇಲೆ ನನ್ನ ಹೆಂಡತಿಗೆ ಹೇಳಿದಳಂತೆ, "ನಂಗೆ ನೋವು ಐತೆ ಅಂತ ನಂಬಿದೋರು ಅವರೊಬ್ರೇ ಕಣೇ."

ಸೇತುವೆಯ ಮೇಲಂತೂ ಹೋಗಿ ಬರುವವರನ್ನೆಲ್ಲ ಕೂರಿಸುವುದು, ತಟ್ಟುವುದು, ಕೇಳುವುದು. ಹಾಲಿನ ಕ್ಯಾನಿನವನು, ಬಸ್ಸಿಗೆ ಕಾಯುವ ಕಾಲೇಜು ಹುಡುಗಿಯರು, ಗೂಡು ಕೊಳ್ಳಲು ಬಂದ ಶಿಡ್ಲಘಟ್ಟದ ಸಾಬರು, ಯಾರನ್ನೂ ಬಿಡಲಿಲ್ಲ. ಸೀಮೆಸುಣ್ಣದ ಗೆರೆ ಸೇತುವೆಯ ಎರಡೂ ಪಕ್ಕಕ್ಕೆ ಹಳ್ಳದಂತೆಯೇ ಡೊಂಕುಡೊಂಕಾಗಿ ಬೆಳೆಯಿತು. ತಮಗೆ ಗೊತ್ತಿರುವುದನ್ನೇ ಇಷ್ಟೊಂದು ಜನರನ್ನು ಯಾಕೆ ಕೇಳುತ್ತಾರೆ ಎಂದು ನನಗೆ ಸೋಜಿಗವಾಗುತ್ತಿತ್ತು. ಜನರಿಗೆ ತಿಳಿವಳಿಕೆ ಕೊಡುವ ಉಪಾಯವಿರಬೇಕು ಅಂದುಕೊಂಡೆ.

ದೊಡ್ಡಪ್ಪ ಮಾತ್ರ ಆ ಕಡೆ ತಿರುಗಿ ನೋಡಲಿಲ್ಲ. ಚಿಕ್ಕಬಳ್ಳಾಪುರಕ್ಕೆ ಹೋಗಿ ದೊಡ್ಡ ಸಾಹೇಬರಿಗೆ ದೂರು ಕೊಟ್ಟು ಬಂದರು. ಗುತ್ತಿಗೆದಾರನೂ ಕೊಟ್ಟಿದ್ದ. ಅವನನ್ನು ಕೆಟ್ಟವನೆನ್ನಲಾರೆ. ಬೇಲಿ ಹಾಕು ಎಂದು ಅವನಿಗೆ ಹೇಳಿದ್ದರು, ಅಂಚು ಕಟ್ಟು ಎಂದು ಹೇಳಿರಲಿಲ್ಲ.

ಸಾಹೇಬರು ಜೀಪಿನಲ್ಲಿ ಬಂದ ದಿನ ಊರೆಲ್ಲ ಸೇತುವೆಯ ಮೇಲಿತ್ತು. ಮೇಡಂ ಹೇಳುವುದನ್ನೆಲ್ಲ ಹೇಳಿದರು. ಸಾಹೇಬರು ತಲೆಯಾಡಿಸುತ್ತ ಕೇಳುತ್ತಿದ್ದಾಗ ಗುತ್ತಿಗೆದಾರ ಮುಂದೆ ಬಂದ.

"ಸಾರ್, ಹೇಳಬಾರದು, ಆದ್ರೂ ಹೇಳ್ತೀನಿ. ಮೇಡಂಗೆ ಕಿವಿ ಸರಿಯಾಗಿ ಕೇಳಲ್ಲ. ಫೋನಲ್ಲಿ ಮಾತಾಡಿದ್ರೆ ಅರ್ಧ ಗೊತ್ತಾಗಲ್ಲ ಅವರಿಗೆ. ಕಿವಿ ಕೇಳದೇ ಇರೋರು ಸದ್ದು ಕೇಳಿ ಬರೆದ ವರದಿ ಹೆಂಗೆ ಸಾರ್ ನಂಬೋದು?"

ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡರು.

"ನಿಜ ಸಾರ್. ಸಣ್ಣ ಸದ್ದು, ಕೀರಲು ಸದ್ದು ಈಚೆಗೆ ಸರಿಯಾಗಿ ಕೇಳಿಸ್ತಿಲ್ಲ. ಡ್ರಿಲ್ಲಿನ ಪಕ್ಕದಲ್ಲೇ ನಿಂತೂ ನಿಂತೂ ಹೋಗಿದೆ ಅಂತ ಡಾಕ್ಟರು ಹೇಳಿದ್ರು. ಟಣ್ ಅನ್ನೋದೂ ನಂಗೆ ಡಬ್ ಅಂತಾನೇ ಕೇಳಿಸಬಹುದು. ಅದಕ್ಕೇ ಈ ಗೆರೆ ನನ್ನ ಕಿವಿ ನಂಬಿ ಎಳೆದಿಲ್ಲ. ಇವರೆಲ್ಲ ಎಳೆಸಿದ್ದು."

ಆಗ ನನಗೆ ಅರ್ಥವಾಯಿತು. ಅಲ್ಲಿ ನಿಂತಿದ್ದವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ದಿನ ಆ ಅಂಚಿನಲ್ಲಿ ಕೂತು ಕಿವಿಗೊಟ್ಟವರೇ.

ಮೇಡಂ ಸುತ್ತಿಗೆಯನ್ನು ಚಾಚಿ ಹಿಡಿದರು. ಸಾಹೇಬರತ್ತ ಅಲ್ಲ. ಗುಂಪಿನ ಹಿಂದೆ ಕೈಕಟ್ಟಿ ನಿಂತಿದ್ದ ದೊಡ್ಡಪ್ಪನತ್ತ.

"ನೀವೊಬ್ರು ಕೇಳಿಲ್ಲ. ಕೇಳಿ ಹೇಳಿ. ನೀವು ಗಟ್ಟಿ ಇದೆ ಅಂದ್ರೆ ನಾಳೆನೇ ಬೇಲಿ ಹಾಕಿಸ್ತೀನಿ."

ದೊಡ್ಡಪ್ಪ ಮುಂದೆ ಬಂದು ಸುತ್ತಿಗೆ ತೆಗೆದುಕೊಂಡರು. ಆಮೇಲೆ ಪಂಚೆ ಎತ್ತಿ ಕಟ್ಟಿ, ಮಗ ಬಿದ್ದ ಜಾಗದ ಹತ್ತಿರವೇ ಹೋಗಿ ಕುಕ್ಕರುಗಾಲಲ್ಲಿ ಕೂತರು. ಅಲ್ಲಿ ಅಂಚು ಕಚ್ಚಿ ತಿಂದ ರೊಟ್ಟಿಯಂತೆ ಇತ್ತು. ಅದರ ಪಕ್ಕದಲ್ಲಿ ತಟ್ಟಿದರು. ಜರುಗಿ ಇನ್ನೊಂದು ಕಡೆ ತಟ್ಟಿದರು. ನೋಡಲು ಏನೂ ಆಗಿಲ್ಲದಂತಿದ್ದ ಜಾಗದಲ್ಲೂ ತಟ್ಟಿದರು. ಎಲ್ಲ ಕಡೆ ಅದೇ ಸದ್ದು. ಹಾಗೇ ಕೂತು ಕೇಳಿದರು.

"ಈ ಅಂಚು ಗಟ್ಟಿ ಇದ್ದಿದ್ರೆ ಹುಡುಗ ಉಳೀತಿದ್ನಾ ಅಮ್ಮ?"

ಬೇರೆ ಯಾರೇ ಆಗಿದ್ದರೂ ಹೌದು ಅನ್ನುತ್ತಿದ್ದರು, ಇಲ್ಲವೇ ವಿಧಿ ಅನ್ನುತ್ತಿದ್ದರು. ಮೇಡಂ ಅವರ ಪಕ್ಕದಲ್ಲಿ ಕೂತರು.

"ಗೊತ್ತಿಲ್ಲ ಅಪ್ಪ. ಟೆಂಪೋ ಎಷ್ಟು ಜೋರಿತ್ತು ಅಂತ ನಂಗೆ ಗೊತ್ತಿಲ್ಲ. ಸುಳ್ಳು ಹೇಳಲಾರೆ. ಆದ್ರೆ ಅದು ಅಷ್ಟು ಸುಲಭವಾಗಿ ಕಿತ್ತು ಬರಬಾರದಿತ್ತು."

ದೊಡ್ಡಪ್ಪ ತಲೆಯಾಡಿಸಿದರು. ಎದ್ದು ಸಾಹೇಬರ ಮುಂದೆ ಹೋಗಿ, "ಈ ಯಮ್ಮ ಹೇಳಿದಂಗೆ ಮಾಡಿಸಿ ಸಾಮಿ," ಎಂದರು. ಸಾಹೇಬರು ಬರೀ ಮಾತಿಗೆ ಒಪ್ಪಲಿಲ್ಲ. ಹಳೆಯ ಅಂಚಿಗೆ ಒಂದು ಬೋಲ್ಟು ಕೂರಿಸಿ ಯಂತ್ರದಿಂದ ಎಳೆದು ನೋಡಬೇಕೆಂದರು. ನೋಡಿದರು. ಬೋಲ್ಟು ಹಲ್ಲು ಕಿತ್ತಂತೆ ಬುಡದ ಕಾಂಕ್ರೀಟಿನ ಸಮೇತ ಎದ್ದು ಬಂತು. ಗುತ್ತಿಗೆದಾರ ಆ ಕಾಂಕ್ರೀಟಿನ ತುಂಡನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ ಕೆಳಗಿಟ್ಟ.

ಅಂಚು ಕಟ್ಟುವುದೆಂದರೆ ಸೇತುವೆಯ ಒಂದು ಮಗ್ಗುಲು ಮುಚ್ಚಬೇಕು, ಹೊಸ ಕಾಂಕ್ರೀಟು ಹಣ್ಣಾಗುವವರೆಗೆ ಟೆಂಪೋ ಲಾರಿ ಬಿಡುವಂತಿಲ್ಲ. ಗೂಡು ಬಿಡಿಸುವ ಕಾಲದಲ್ಲಿ ಹಾಗಾದರೆ ಊರಿನ ಕಥೆ ಮುಗಿಯಿತು, ಗೂಡು ಕಾಯುವುದಿಲ್ಲ, ತಡವಾದರೆ ಚಿಟ್ಟೆ ಅದನ್ನು ತೂತು ಮಾಡಿಕೊಂಡು ಹೊರಬರುತ್ತದೆ. ಇಷ್ಟು ದಿನ ಹುಳದ ಮನೆಯಲ್ಲಿ ನಿಂತು ಕೇಳಿದ್ದೆಲ್ಲ ಮೇಡಂಗೆ ಆಗ ಉಪಯೋಗಕ್ಕೆ ಬಂತು. ಯಾರ ಮನೆಯ ಹುಳ ನಾಲ್ಕರಲ್ಲಿ ಯಾವ ಜ್ವರದಲ್ಲಿದೆ, ಯಾರದ್ದು ಹಣ್ಣಾಗಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಹತ್ತುತ್ತಿದೆ ಎಂದು ಮನೆಮನೆಗೆ ಹೋಗಿ ವಿಚಾರಿಸಿದರು. ಹಳೆಯ ಅಂಚು ಒಡೆಯುವ ಕೆಲಸವನ್ನು ಹುಳ ಮೇಯುವ ದಿನಗಳಿಗೂ, ಕಾಂಕ್ರೀಟು ಹಾಕುವುದನ್ನು ಎಲ್ಲರ ಗೂಡು ಮಾರುಕಟ್ಟೆ ಸೇರಿದ ಮೇಲಕ್ಕೂ ಹೊಂದಿಸಿದರು.

ಪೊಳ್ಳಾದದ್ದನ್ನೆಲ್ಲ ಒಡೆದು ಗಟ್ಟಿ ಸಿಗುವವರೆಗೆ ಹೋದರು. ಗಟ್ಟಿಯ ಒಳಕ್ಕೆ ಆಳವಾಗಿ ತೂತು ಕೊರೆದು, ಅಂಟು ತುಂಬಿ ಹೊಸ ಕಂಬಿ ನೆಟ್ಟರು. ತೂತಿನ ಧೂಳು ಊದಿ ತೆಗೆಯುವುದರಲ್ಲಿ ಮೇಡಂಗೆ ಒಂದು ಬಗೆಯ ಮಡಿ. "ಧೂಳಿದ್ರೆ ಅಂಟು ಧೂಳನ್ನ ಹಿಡ್ಕೊಳ್ಳುತ್ತೆ, ಸೇತುವೇನ ಹಿಡ್ಕೊಳ್ಳಲ್ಲ," ಎಂದು ಕೆಲಸಗಾರರಿಂದ ಮತ್ತೆ ಮತ್ತೆ ಊದಿಸುತ್ತಿದ್ದರು. ಆ ಕಂಬಿಗಳಿಗೆ ಸೇರಿಸಿ ಸೇತುವೆಯುದ್ದಕ್ಕೂ ಹೊಸ ದಪ್ಪ ಅಂಚು ಎರೆದರು. ಬೇಲಿಯ ಬೋಲ್ಟುಗಳನ್ನು ಅದರೊಳಗೇ ಕೂರಿಸಿದರು. ಹಸಿ ಕಾಂಕ್ರೀಟಿಗೆ ಹೊದಿಸಿದ ಗೋಣಿತಾಟು ಒಣಗದಂತೆ ಬೆಳಗ್ಗೆ ಸಂಜೆ ನೀರು ಹಾಕುವ ಕೆಲಸವನ್ನು ದೊಡ್ಡಪ್ಪ ಯಾರಿಗೂ ಬಿಡಲಿಲ್ಲ. ವರ್ಷದ ತಿಥಿ ಬೇಲಿಯಿಲ್ಲದೆಯೇ ಕಳೆಯಿತು. ಆ ದಿನ ಮೇಡಂ ಬಂದು, ಹಿಂದಿನ ಸಾಲಿನಲ್ಲಿ ಕೂತು ಊಟ ಮಾಡಿ, ಯಾರಿಗೂ ಏನೂ ಹೇಳದೆ ಹೋದರು.

ಕೆಲಸ ಮುಗಿದ ಮೇಲೆ ಅವರಿಗೆ ಗೌರಿಬಿದನೂರಿನ ಕಡೆಗೆ ವರ್ಗವಾಯಿತು, ಅಲ್ಲಿಯೇ ನಿವೃತ್ತರೂ ಆದರು. ಕಿವಿಗೆ ಯಂತ್ರ ಹಾಕಿಸಿಕೊಂಡರು. ಅದು ಹೇಗೆ ಕೆಲಸ ಮಾಡುತ್ತದೆಂದು ನನಗೆ ಫೋನಿನಲ್ಲಿ ವಿವರಿಸುವಾಗ ಅವರ ದನಿಯಲ್ಲಿ ಹೊಸ ಆಟಿಕೆ ಸಿಕ್ಕ ಖುಷಿಯಿತ್ತು.

ಹೋದ ಮಳೆಗಾಲ ಜೋಳ ತುಂಬಿದ ಲಾರಿಯೊಂದು ಬ್ರೇಕು ಹಿಡಿಯದೆ ಜಾರಿಬಂದು ಬೇಲಿಗೆ ಗುದ್ದಿತು. ಸದ್ದು ಕೇಳಿ ನಾವೆಲ್ಲ ಓಡಿದೆವು. ತಗಡಿನ ಪಟ್ಟಿ ಸೊಟ್ಟಗಾಗಿ, ಎರಡು ಗೂಟ ಬಾಗಿ, ಲಾರಿ ಅಲ್ಲೇ ಒರಗಿ ನಿಂತಿತ್ತು. ಡ್ರೈವರ್ ಇಳಿದು ಬಂದು ರಸ್ತೆಯ ಪಕ್ಕದಲ್ಲಿ ಕೂತುಬಿಟ್ಟ. ದೊಡ್ಡಪ್ಪ ಅವನ ಭುಜ ಹಿಡಿದುಕೊಂಡು ಪಕ್ಕದಲ್ಲೇ ಕೂತರು, ಬಹಳ ಹೊತ್ತು ಏಳಲಿಲ್ಲ. ನಾನು ಮೇಡಂಗೆ ಫೋನು ಮಾಡಿದೆ. ಮೊದಲು ಅಂಚಿನ ವಿಷಯ ಕೇಳುತ್ತಾರೆ ಅಂದುಕೊಂಡಿದ್ದೆ.

"ಡ್ರೈವರ್ ಏನಾದ್ರೂ ತಿಂದ್ನಾ? ಮೊದ್ಲು ಅವನಿಗೆ ಏನಾದ್ರೂ ಕೊಡಿ," ಎಂದರು. ಅಂಚು ಕೇಳಿದ್ದು ಆಮೇಲೆ. ಎಲ್ಲೂ ಬಿರುಕು ಬಿಟ್ಟಿರಲಿಲ್ಲ. ಹೇಳಿದೆ. "ಹೌದಾ," ಎಂದರು.

ಅವರು ಹೋದ ಸುದ್ದಿ ಬಂದ ಮೇಲೆ ನಾನು ಗೌರಿಬಿದನೂರಿಗೆ ಹೋಗಿ ಯಜಮಾನರನ್ನು ಕಂಡೆ. ಬ್ಯಾಂಕಿನಲ್ಲಿದ್ದು ನಿವೃತ್ತರಾದ ಮೆಲುಮಾತಿನ ಮನುಷ್ಯ. "ಮನೆಯಲ್ಲಿ ಬರೀ ಪ್ರಶ್ನೆ ಕೇಳೋಳು. ತಾನು ಏನು ಮಾಡಿ ಬಂದೆ ಅಂತ ಹೇಳ್ತಾನೇ ಇರ್ಲಿಲ್ಲ," ಎಂದರು. ನಾನು ಹೇಳಿದೆ. ಎಲ್ಲ ಕೇಳಿ, ಆ ಜಾಗ ನೋಡಬಹುದೇ ಎಂದರು.

ಮುಂದಿನ ಭಾನುವಾರ ಬಂದರು. ದೊಡ್ಡಪ್ಪನನ್ನು ಕಂಡು, ಊಟ ಮುಗಿಸಿ, ಬಿಸಿಲು ತಗ್ಗಿದ ಮೇಲೆ ನಾವಿಬ್ಬರೇ ಸೇತುವೆಗೆ ಹೋದೆವು. ಹಳ್ಳದಲ್ಲಿ ನೀರಿತ್ತು. ಅವರು ಬೇಲಿಯ ಮೇಲೆ ಕೈಯಿಟ್ಟು ನಿಂತರು. ಶಿಡ್ಲಘಟ್ಟದ ಬಸ್ಸೊಂದು ಹಾದುಹೋಯಿತು. ಅವರು ತಟ್ಟನೆ ನನ್ನತ್ತ ತಿರುಗಿದರು.

"ಮೇಷ್ಟ್ರೇ, ಬಸ್ಸು ಹೋದಾಗ ಇದು ಸಣ್ಣಗೆ ಅದುರ್ತದಲ್ಲ. ಅದುರಬೇಕಾ, ಅದುರಬಾರದಾ?"

ನಾನೂ ಕೈಯಿಟ್ಟೆ. ಅದಾಗಲೇ ನಿಂತುಹೋಗಿತ್ತು.

"ಗೊತ್ತಿಲ್ಲ ಸಾರ್."

"ಯಾರನ್ನ ಕೇಳೋದು ಈಗ?"

ಸಾದಲಿಯ ಕಡೆಯಿಂದ ಇನ್ನೊಂದು ಬಸ್ಸು ಬರುವುದು ದೂರದಲ್ಲಿ ಕಾಣಿಸಿತು. ಅವರು ಅದನ್ನು ನೋಡಿದರು, ಬಗ್ಗಿ ಕೆಳಗಿನ ಹಳ್ಳ ನೋಡಿದರು, ಪ್ಯಾಂಟಿನ ಕಾಲು ಮಡಚಲು ಶುರುಮಾಡಿದರು.

"ಬಸ್ಸು ಬರೋದ್ರೊಳಗೆ ಕೆಳಗಿಳಿಯೋಕಾಗುತ್ತಾ? ಅಂಚೂ ಅದುರುತ್ತಾ ಅಂತ ಅಡಿಯಿಂದ ನೋಡೋಣ," ಎಂದರು.

ತೋಟದ ಬದುವಿನಿಂದ ಒಂದು ಕಾಲುದಾರಿ ಇತ್ತು. ಅವರ ಕೈ ಹಿಡಿದುಕೊಂಡು ಇಳಿಸತೊಡಗಿದೆ.